ಬ್ಯಾಕ್ಟೀರಿಯಗಳಿಂದ ಜೈವಿಕ ಪ್ಲಾಸ್ಟಿಕ್: ವಿದ್ಯಾರ್ಥಿಗಳ ಸಂಶ್ಲೇಷಿತ ಜೀವವಿಜ್ಞಾನ ಯೋಜನೆ

ಅಮೆರಿಕದ ಲೋಗನ್ ನಗರದಲ್ಲಿರುವ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂಡವು 2009ನೇ ಸಾಲಿನ ಐಜೆಮ್ ಸ್ಪರ್ಧೆಗಾಗಿ, ಸೂಕ್ಷ್ಮಜೀವಿಗಳಿಂದ ಪ್ಲಾಸ್ಟಿಕ್ ಪಡೆಯುವ ವಿಧಾನವನ್ನು ಸುಲಭಗೊಳಿಸುವ ಯೋಜನೆಯೊಂದನ್ನು ಕೈಗೊಂಡಿತ್ತು. ಇದೇ ಬಗೆಯ ಕಾರ್ಯದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳ ಮತ್ತು ಸಂಸ್ಥೆಗಳ ಮಾಹಿತಿಗಾಗಿ ಸದರಿ ಯೋಜನೆಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಐಜೆಮ್ 2003ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಪಾಠಕ್ರಮವಾಗಿ ಆರಂಭಗೊಂಡು, 2004ರಲ್ಲಿ ಸ್ಪರ್ಧೆಯ ರೂಪ ಪಡೆಯಿತು. ಒಂದೇ ಅಳತೆಯ ಇಟ್ಟಿಗೆಗಳಂತೆ ಪರಸ್ಪರ ಜೋಡಿಸಬಹುದಾದ ಡಿಎನ್‌ಎ ತುಣುಕುಗಳನ್ನು ತಂಡಗಳು ಇದರಲ್ಲಿ ಬಳಸುತ್ತವೆ. ಇವುಗಳಿಗೆ ಬಯೋಬ್ರಿಕ್ ಎಂದು ಹೆಸರು.

ಕೆಲವು ಬ್ಯಾಕ್ಟೀರಿಯಗಳು ಆಹಾರ ಹೆಚ್ಚಾದಾಗ ಅದನ್ನು ಪಾಲಿಹೈಡ್ರಾಕ್ಸಿ ಆಲ್ಕನೋಯೇಟ್ (ಪಿಎಚ್‌ಎ) ಎಂಬ ಪಾಲಿಮರ್ ಹರಳುಗಳ ರೂಪದಲ್ಲಿ ಕೋಶದೊಳಗೆ ಕೂಡಿಡುತ್ತವೆ. ಮನುಷ್ಯನ ದೇಹದಲ್ಲಿ ಕೊಬ್ಬು ಶೇಖರವಾಗುವಂತೆಯೇ ಇದು. ಈ ವರ್ಗದ ಪಿಎಚ್‌ಬಿಯನ್ನು ಫ್ರಾನ್ಸಿನ ಮಾರಿಸ್ ಲೆಮ್ವಾನ್ಯ ಅವರು 1920ರ ದಶಕದಲ್ಲಿಯೇ ಗುರುತಿಸಿದ್ದರು. ಮೂರು ಕಿಣ್ವಗಳ ವಂಶವಾಹಿಗಳನ್ನು ಸೇರಿಸಿದರೆ ಸಾಮಾನ್ಯ ಇ. ಕೋಲೈ ಕೂಡ ಇದನ್ನು ತಯಾರಿಸಬಲ್ಲದು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಇದನ್ನು ವಿಘಟಿಸುತ್ತವೆ. ಆದರೆ “ಜೈವಿಕ” ಎಂಬ ಹೆಸರಿರುವ ಎಲ್ಲ ಪ್ಲಾಸ್ಟಿಕ್‌ಗಳೂ ಮಣ್ಣಿನಲ್ಲಿ ಕರಗುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಕಬ್ಬಿನಿಂದ ತಯಾರಾದ ಪಾಲಿಎಥಿಲೀನ್ ಸಹ ಸಾಧಾರಣ ಪಾಲಿಎಥಿಲೀನ್‌ನಂತೆಯೇ ಉಳಿಯುತ್ತದೆ.

ಯೋಜನೆಯ ಎರಡು ಭಾಗಗಳು

ಬಯೋಬ್ರಿಕ್‌ಗಳು ಬಹುಮಟ್ಟಿಗೆ ಇ. ಕೋಲೈಗಾಗಿಯೇ ರೂಪುಗೊಂಡವು. ಆದುದರಿಂದ ತಂಡವು ಹಲವು ಜೀವಿಗಳಲ್ಲಿ ನೆಲೆಸಬಲ್ಲ ಪಿಆರ್‌ಎಲ್1383ಎ ಎಂಬ ವಾಹಕ ಪ್ಲಾಸ್ಮಿಡ್ ಅನ್ನು ಬಯೋಬ್ರಿಕ್ ಮಾನಕಕ್ಕೆ ಹೊಂದುವಂತೆ ಮಾರ್ಪಡಿಸಿತು. ಸೂಡೊಮೊನಾಸ್ ಪುಟಿಡ, ರೋಡೊಬ್ಯಾಕ್ಟರ್ ಸ್ಫೀರಾಯ್ಡಿಸ್ ಮತ್ತು ಸಿನೆಕೊಸಿಸ್ಟಿಸ್‌ಗಳಲ್ಲಿಯೂ ಅದೇ ತುಣುಕುಗಳನ್ನು ಬಳಸುವುದು ಇದರ ಉದ್ದೇಶವಾಗಿತ್ತು. ಇವುಗಳ ಪೈಕಿ ಕೊನೆಯ ಎರಡು ಸೂರ್ಯನ ಬೆಳಕಿನಿಂದ ಬೆಳೆಯಬಲ್ಲವು.

ಎರಡನೆಯ ಭಾಗವು ಹೆಚ್ಚು ಕಠಿಣವಾದುದು. ಪಿಎಚ್‌ಎ ಕೋಶದೊಳಗೇ ಉಳಿಯುವುದರಿಂದ ಕೋಶವನ್ನು ಒಡೆದು, ದ್ರಾವಕಗಳಿಂದಲೋ ಇತರ ರಾಸಾಯನಿಕಗಳಿಂದಲೋ ಅದನ್ನು ಬೇರ್ಪಡಿಸಬೇಕಾಗುತ್ತದೆ. ಈ ಶುದ್ಧೀಕರಣಕ್ಕೆ ತಗಲುವ ಖರ್ಚು ಒಟ್ಟು ಉತ್ಪಾದನಾ ವೆಚ್ಚದ ಅರ್ಧಕ್ಕಿಂತ ಹೆಚ್ಚಿರುವುದುಂಟು ಎಂಬುದೇ ತಂಡದ ವಾದದ ಮೂಲ. ಪೆಟ್ರೋಲಿಯಂ ಪ್ಲಾಸ್ಟಿಕ್‌ನೊಡನೆ ಬೆಲೆಯಲ್ಲಿ ಸ್ಪರ್ಧಿಸಲು ಪಿಎಚ್‌ಎಗೆ ಇದೊಂದು ದೊಡ್ಡ ತೊಡಕು. ಹರಳಿನ ಮೇಲ್ಮೈಗೆ ಅಂಟಿಕೊಳ್ಳುವ ಫೇಸಿನ್ ಎಂಬ ಪ್ರೋಟೀನಿಗೆ, ಪ್ರೋಟೀನುಗಳನ್ನು ಹೊರಕ್ಕೆ ಕಳುಹಿಸುವ ಸಂಕೇತ ಪೆಪ್ಟೈಡ್‌ಗಳನ್ನು ಜೋಡಿಸಿ, ಹರಳನ್ನೇ ಕೋಶದಿಂದ ಹೊರತರುವ ಸಾಧ್ಯತೆಯನ್ನು ತಂಡವು ಪರಿಶೀಲಿಸಿತು. ಕೋಶಪೊರೆಯ ಪ್ರೋಟೀನ್ ದ್ವಾರಗಳಿಗಿಂತ ಹರಳು ಬಹುಪಟ್ಟು ದೊಡ್ಡದಾಗಿರುವುದರಿಂದ ಇದು ಸುಲಭದ ಕಾರ್ಯವಲ್ಲ. ಆದಾಗ್ಯೂ ಈ ಆಲೋಚನೆ ಅಲ್ಲಿಗೇ ನಿಲ್ಲಲಿಲ್ಲ: 2017ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ತಂಡವು ಮಂಗಳಯಾನಿಗಳ ಮಲತ್ಯಾಜ್ಯದಿಂದ ಪಿಎಚ್‌ಬಿ ತಯಾರಿಸುವ ತನ್ನ ಯೋಜನೆಯಲ್ಲಿ ಫೇಸಿನ್ ಮಾರ್ಗವನ್ನೇ ಅನುಸರಿಸಿತು.

ಭಾರತದಲ್ಲಿ ಅನ್ವಯಿಸುವ ನಿಯಮಗಳು

ತಳಿ ಮಾರ್ಪಡಿಸಿದ ಸೂಕ್ಷ್ಮಜೀವಿಗಳ ತಯಾರಿಕೆ, ಬಳಕೆ ಮತ್ತು ದಾಸ್ತಾನು, ಪರಿಸರ (ಸಂರಕ್ಷಣೆ) ಅಧಿನಿಯಮ, 1986ರ ಅಡಿಯಲ್ಲಿ 1989ರಲ್ಲಿ ಹೊರಡಿಸಲಾದ ನಿಯಮಗಳಿಗೆ ಒಳಪಟ್ಟಿರುತ್ತದೆ. ಇಂತಹ ಸಂಶೋಧನೆ ನಡೆಸುವ ಸಂಸ್ಥೆಯು ಸಾಂಸ್ಥಿಕ ಜೈವಿಕ ಸುರಕ್ಷತಾ ಸಮಿತಿಯನ್ನು ಹೊಂದಿರತಕ್ಕದ್ದು. ಅದರಲ್ಲಿ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ನಾಮನಿರ್ದೇಶಿತ ಸದಸ್ಯರೊಬ್ಬರು ಇರತಕ್ಕದ್ದು. ಸ್ಪರ್ಧೆಗಾಗಿ ಕೈಗೊಳ್ಳುವ ವಿದ್ಯಾರ್ಥಿ ಯೋಜನೆ ಎಂಬ ಕಾರಣಕ್ಕೆ ವಿನಾಯಿತಿ ಇರುವುದಿಲ್ಲ. ಆದುದರಿಂದ ವಿದ್ಯಾರ್ಥಿಗಳು ಕಾರ್ಯ ಆರಂಭಿಸುವ ಮುನ್ನವೇ ತಮ್ಮ ಮಾರ್ಗದರ್ಶಕರ ಮೂಲಕ ಸದರಿ ಸಮಿತಿಯನ್ನು ಸಂಪರ್ಕಿಸುವುದು.