ನವಪ್ಲೇಟೋವಾದ

ಕ್ರಿ.ಶ. 3ನೆಯ ಶತಮಾನದಲ್ಲಿ ರೋಮಿನಲ್ಲಿ ರೂಪುಗೊಂಡ ಗ್ರೀಕ್ ದರ್ಶನ. ಇದರ ಪ್ರವರ್ತಕ ಪ್ಲೊಟಿನಸ್ (ಸು. 204–270) ತನ್ನನ್ನು ಪ್ಲೇಟೋವಿನ ವ್ಯಾಖ್ಯಾನಕಾರನೆಂದೇ ತಿಳಿದಿದ್ದ.

ಅಲೆಗ್ಸಾಂಡ್ರಿಯಾದಲ್ಲಿ ಅಮ್ಮೋನಿಯಸ್ ಸಕ್ಕಾಸನ ಬಳಿ 11 ವರ್ಷ ಕಲಿತ ಪ್ಲೊಟಿನಸ್, ಪಾರಸಿಕ ಮತ್ತು ಭಾರತೀಯ ತತ್ತ್ವಗಳನ್ನು ಅರಿಯುವ ಆಸೆಯಿಂದ 3ನೆಯ ಗೋರ್ಡಿಯನ್ ಚಕ್ರವರ್ತಿಯ ಪರ್ಷಿಯಾ ದಂಡಯಾತ್ರೆಗೆ ಸೇರಿಕೊಂಡ. 244ರಲ್ಲಿ ಚಕ್ರವರ್ತಿ ಮೆಸೊಪೊಟೇಮಿಯಾದಲ್ಲೇ ಸತ್ತ. ಪ್ಲೊಟಿನಸ್ ಹೇಗೋ ತಪ್ಪಿಸಿಕೊಂಡು ಆಂಟಿಯಾಕ್ ಸೇರಿ, ಅನಂತರ ರೋಮಿನಲ್ಲಿ ನೆಲೆಸಿದ. ಕಣ್ಣು ಮಂದವಾಗಿದ್ದರಿಂದ ಬರೆದದ್ದನ್ನು ಮತ್ತೆ ಓದುತ್ತಿರಲಿಲ್ಲ. ಶಿಷ್ಯ ಪೋರ್ಫಿರಿ ಆ ಬರಹಗಳನ್ನು ತಿದ್ದಿ, ಒಂಬತ್ತೊಂಬತ್ತರ ಆರು ಗುಂಪುಗಳಾಗಿ ಜೋಡಿಸಿ ‘ಎನ್ನಿಯಡ್ಸ್’ ಎಂದು ಕರೆದ. 54ರ ಲೆಕ್ಕ ಕೂಡಿಸಲು ಕೆಲವು ಪ್ರಬಂಧಗಳನ್ನು ತುಂಡರಿಸಿದ್ದೂ ಉಂಟು.

ಎಲ್ಲದರ ಮೂಲ ‘ಏಕ’. ಅದು ಮಾತಿಗೂ ಚಿಂತನೆಗೂ ನಿಲುಕದು. ಸೂರ್ಯನಿಂದ ಬೆಳಕು ಹೊಮ್ಮುವಂತೆ, ತಾನು ಕಿಂಚಿತ್ತೂ ಕುಂದದೆ ಅದರಿಂದ ಬುದ್ಧಿ, ಬುದ್ಧಿಯಿಂದ ಆತ್ಮ, ಆತ್ಮದಿಂದ ಇಂದ್ರಿಯಗೋಚರ ಜಗತ್ತು ಹೊಮ್ಮುತ್ತವೆ. ಜೀವನು ಅಂತರ್ಮುಖಿಯಾಗಿ ಅದೇ ಹಾದಿಯಲ್ಲಿ ಹಿಂದಿರುಗಬಹುದು. ತಾನು ಜೊತೆಗಿದ್ದ ಅವಧಿಯಲ್ಲಿ ಗುರು ನಾಲ್ಕು ಬಾರಿ ಏಕದೊಡನೆ ಐಕ್ಯ ಹೊಂದಿದನೆಂದು ಪೋರ್ಫಿರಿ ಬರೆದಿದ್ದಾನೆ. ಅದ್ವೈತದೊಡನೆ ಹೋಲಿಕೆ ಯಾರಿಗಾದರೂ ಹೊಳೆಯುವಂಥದೇ, ಜೆ. ಎಫ್. ಸ್ಟಾಲ್ 1961ರಲ್ಲಿ ಈ ಕುರಿತೇ ಒಂದು ಗ್ರಂಥ ಪ್ರಕಟಿಸಿದರು. ಆದರೆ ಹೋಲಿಕೆಯನ್ನು ಎಳೆದಾಡಬಾರದು: ಪ್ಲೊಟಿನಸನಿಗೆ ಜಗತ್ತು ಮಿಥ್ಯೆಯಲ್ಲ. ಲೋಕವನ್ನು ಹಳಿಯುತ್ತಿದ್ದ ನಾಸ್ಟಿಕ್ ಪಂಥದವರ ವಿರುದ್ಧ ಆತ ಒಂದು ಪ್ರಬಂಧವನ್ನೇ ಬರೆದ.

ಮುಂದೆ ಸಿರಿಯಾದ ಇಯಾಂಬ್ಲಿಕಸ್ ಧ್ಯಾನದ ಜೊತೆಗೆ ದೇವತಾಕರ್ಮಗಳಿಗೂ ಸ್ಥಾನ ಕೊಟ್ಟ. ಅಥೆನ್ಸಿನ ಪ್ರೋಕ್ಲಸ್ (412–485) ದರ್ಶನವನ್ನು ಜ್ಯಾಮಿತಿಯ ಪ್ರಮೇಯಗಳಂತೆ ಕಟ್ಟಿದ. 529ರಲ್ಲಿ ಜಸ್ಟಿನಿಯನ್ ಅಥೆನ್ಸಿನಲ್ಲಿ ತತ್ತ್ವಬೋಧನೆ ನಿಷೇಧಿಸಿದ. ಡಮಾಸ್ಕಿಯಸ್, ಸಿಂಪ್ಲಿಸಿಯಸ್ ಸೇರಿ ಏಳು ಮಂದಿ ಪರ್ಷಿಯಾದ ದೊರೆ ಖುಸ್ರೋವಿನ ಆಶ್ರಯಕ್ಕೆ ಹೋದರು. ಬಹುಬೇಗ ಬೇಸತ್ತರು, 532ರ ಶಾಂತಿ ಒಪ್ಪಂದ ಅವರು ನಿರ್ಭಯವಾಗಿ ಮರಳಲು ಅವಕಾಶ ಮಾಡಿಕೊಟ್ಟಿತು.

ಈ ದರ್ಶನದ ಪ್ರಭಾವ ಹೆಚ್ಚಾಗಿ ಪರರ ಹೆಸರಿನಲ್ಲೇ ಹರಡಿತು. 9ನೆಯ ಶತಮಾನದ ಬಾಗ್ದಾದಿನಲ್ಲಿ ಎನ್ನಿಯಡ್ಸ್‌ನ ಭಾಗಗಳು ‘ಅರಿಸ್ಟಾಟಲನ ದೇವತಾಶಾಸ್ತ್ರ’ವೆಂದು ಅರಬ್ಬಿಗೆ ಬಂದವು, ಇಸ್ಲಾಮೀ ದಾರ್ಶನಿಕರು ಅದನ್ನು ಅರಿಸ್ಟಾಟಲನದೆಂದೇ ಓದಿದರು. ಪ್ರೋಕ್ಲಸನ ವಿಚಾರಗಳು ಸಂತ ಪಾಲನ ಶಿಷ್ಯ ಡಯೊನೀಸಿಯಸನ ಹೆಸರು ಹೊತ್ತು ಕ್ರೈಸ್ತ ಮಠಗಳನ್ನು ಹೊಕ್ಕವು. ಅರಿಸ್ಟಾಟಲನದೆಂದು ಮನ್ನಣೆ ಪಡೆದಿದ್ದ ‘ಕಾರಣಗಳ ಗ್ರಂಥ’ದ ಮೂಲ ಪ್ರೋಕ್ಲಸನದೆಂದು 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಗುರುತಿಸಿದ. ಇಡೀ ಪ್ಲೊಟಿನಸ್ ಅವನ ಹೆಸರಿನಲ್ಲೇ ಲ್ಯಾಟಿನ್ ಓದುಗರ ಕೈಸೇರಿದ್ದು 1492ರಲ್ಲಿ, ಫ್ಲಾರೆನ್ಸಿನಲ್ಲಿ ಅಚ್ಚಾದ ಫಿಚೀನೋವಿನ ಅನುವಾದದಿಂದ.