ಹಳೇ ಕಾರು 'ಅದೇ ಕಾರು' ಅಂತ ಹೇಳುವುದು ಹೇಗೆ?

ಧರ್ಮಸ್ಥಳಕ್ಕೆ ಹೋದಾಗ ದರ್ಶನ ಮುಗಿಸಿ ಅಲ್ಲಿನ ಹಳೇ ಕಾರುಗಳ ಮ್ಯೂಸಿಯಂ ನೋಡಿ ಬಂದವರು ನಮ್ಮ ಕಡೆ ಬಹಳ ಜನ ಇದ್ದಾರೆ. ಸಾಲಾಗಿ ನಿಂತ ಕಾರುಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತೇವೆ, ಮುಂದೆ ಹೋಗುತ್ತೇವೆ. ಆದರೆ ಒಂದು ಪ್ರಶ್ನೆ ಇದೆ. ಎಂಬತ್ತು ತೊಂಬತ್ತು ವರ್ಷದ ಕಾರಿನ ಟೈರು, ಬಣ್ಣ, ಸೀಟು, ಎಂಜಿನ್ ಬಿಡಿಭಾಗ ಎಷ್ಟೋ ಸಲ ಬದಲಾಗಿರುತ್ತವೆ. ಹಾಗಿದ್ದ ಮೇಲೆ ಇದು ಅದೇ ಕಾರು ಅಂತ ಯಾವ ಆಧಾರದ ಮೇಲೆ ಹೇಳುತ್ತಾರೆ?

ರೇಸ್ ಗೆದ್ದ ಹಳೇ ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಈ ಪ್ರಶ್ನೆಗೆ ಕೋಟಿಗಟ್ಟಲೆ ಬೆಲೆ. 1990ರಲ್ಲಿ ಇದೇ ಪ್ರಶ್ನೆ ಇಂಗ್ಲೆಂಡಿನ ಹೈಕೋರ್ಟ್ ಮೆಟ್ಟಿಲು ಹತ್ತಿತ್ತು.

ಎರಡು ಸಲ ಗೆದ್ದ ಬೆಂಟ್ಲಿ

ಫ್ರಾನ್ಸಿನ ಲೆ ಮಾನ್ಸ್ ಎಂಬಲ್ಲಿ 24 ಗಂಟೆ ಬಿಡದೆ ಓಡುವ ಕಾರ್ ರೇಸ್ ನಡೆಯುತ್ತದೆ. 1929ರಲ್ಲಿ ಬೆಂಟ್ಲಿ ಕಂಪನಿಯ 'ಸ್ಪೀಡ್ ಸಿಕ್ಸ್' ಕಾರನ್ನು ವೂಲ್ಫ್ ಬರ್ನಾಟೊ ಮತ್ತು ಟಿಮ್ ಬರ್ಕಿನ್ ಓಡಿಸಿ ಗೆದ್ದರು. 1930ರಲ್ಲಿ ಬರ್ನಾಟೊ, ಗ್ಲೆನ್ ಕಿಡ್ಸ್ಟನ್ ಜೊತೆ ಸೇರಿ ಮತ್ತೆ ಅದೇ ಕಾರಿನಲ್ಲಿ ಗೆದ್ದರು. ಜನ ಅದನ್ನು 'ಓಲ್ಡ್ ನಂಬರ್ ಒನ್' ಅಂತ ಕರೆದರು.

ರೇಸ್ ಕಾರು ಅಂದಮೇಲೆ ರಿಪೇರಿ ತಪ್ಪುವುದಿಲ್ಲ. ಒಂದೊಂದು ರೇಸಿಗೂ ಏನಾದರೂ ಬದಲಾಗುತ್ತಿತ್ತು. 1932ರ ಹೊತ್ತಿಗೆ ಅದಕ್ಕೆ ಇನ್ನೂ ದೊಡ್ಡ, 8 ಲೀಟರ್ ಎಂಜಿನ್ ಕೂರಿಸಿದ್ದರು. ಆ ವರ್ಷ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಕಾರು ಇಳಿಜಾರಿನ ಅಂಚು ದಾಟಿ ಹೊರಗೆ ಬಿತ್ತು. ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಸತ್ತರು. ಆಮೇಲೆ ಅದನ್ನು ಮತ್ತೆ ಕಟ್ಟಿದರು, ಬಾಡಿ ಬದಲಿಸಿದರು, ರಸ್ತೆಗೆ ಇಳಿಸಿದರು.

1990ರಲ್ಲಿ ಆಗಿನ ಮಾಲೀಕರು ಅದನ್ನು ಒಂದು ಕಂಪನಿಗೆ 1 ಕೋಟಿ ಪೌಂಡಿಗೆ ಮಾರಲು ಮಾತಾಡಿದರು. ಕಂಪನಿ ಆಮೇಲೆ ಹಿಂದೆ ಸರಿಯಿತು. 'ಇದು ನಿಜವಾದ ಓಲ್ಡ್ ನಂಬರ್ ಒನ್ ಅಲ್ಲ' ಎಂಬುದು ಅದರ ವಾದ.

ಕೋರ್ಟ್ ಏನು ಹೇಳಿತು?

ನ್ಯಾಯಮೂರ್ತಿ ಆಟನ್ ಅವರು ಕಾರಿನ ಒಂದೊಂದು ಭಾಗದ ಲೆಕ್ಕ ತೆಗೆದುಕೊಂಡರು. 1929ರಲ್ಲಿ ಓಡಿದ ಕಾರಿನದ್ದು ಅನ್ನಬಹುದಾದ ಭಾಗ ಏನೂ ಉಳಿದಿರಲಿಲ್ಲ. 1930ರದ್ದು ಅನ್ನಬಹುದಾದ ಭಾಗಗಳು ಕೆಲವೇ ಕೆಲವು, ಅಷ್ಟೆ. ಉಳಿದ ಹಳೇ ಭಾಗಗಳು ಹೆಚ್ಚಾಗಿ 1932ರ ರೂಪದವು. ಹಾಗಾಗಿ ಇದನ್ನು 'ಒರಿಜಿನಲ್' ಅನ್ನಲು ಬರುವುದಿಲ್ಲ ಎಂದರು.

ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಕಾರು ಒಂದೇ ದಿನ ಮಾಯವಾಗಿ ಇನ್ನೊಂದು ಕಾರು ಅದರ ಹೆಸರು ಹೊತ್ತುಕೊಂಡು ಬಂದದ್ದಲ್ಲ. ಭಾಗಗಳು ಸ್ವಲ್ಪ ಸ್ವಲ್ಪವಾಗಿ, ವರ್ಷಗಟ್ಟಲೆಯಲ್ಲಿ ಬದಲಾಗಿವೆ. ಕಾರಿನ ಬದುಕು ಎಲ್ಲೂ ತುಂಡಾಗಿಲ್ಲ. ಈ ಹೆಸರಿಗೆ ಹಕ್ಕು ಹೇಳಬಲ್ಲ ಬೇರೆ ಕಾರೂ ಜಗತ್ತಿನಲ್ಲಿ ಇಲ್ಲ. ಆದ್ದರಿಂದ ಇದೇ ಓಲ್ಡ್ ನಂಬರ್ ಒನ್ ಎಂದು ಮಾಲೀಕರ ಪರವಾಗಿ ತೀರ್ಪು ಕೊಟ್ಟರು.

ಅಂದರೆ ಪ್ರಶ್ನೆ ಒಂದಲ್ಲ, ಎರಡು. ಮೊದಲ ದಿನದ ಭಾಗಗಳು ಎಷ್ಟು ಉಳಿದಿವೆ ಎನ್ನುವುದು ಒಂದು. ಇದು ಯಾವ ಕಾರು ಎನ್ನುವುದು ಇನ್ನೊಂದು. ಅಜ್ಜನ ಗಾಡಿಗೆ ಅಪ್ಪ ನೊಗ ಬದಲಿಸಿದ, ಮಗ ಚಕ್ರ ಬದಲಿಸಿದ, ಆದರೂ ಊರಿಗೆಲ್ಲ ಅದು ಅಜ್ಜನ ಗಾಡಿಯೇ ಅಲ್ಲವೇ?

ನಮ್ಮ ಬೇಲೂರಿನಲ್ಲೇ ಉದಾಹರಣೆ ಇದೆ

ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು, ವಿಷ್ಣುವರ್ಧನ ಕಟ್ಟಿಸಿದ್ದು. ಆದರೆ ನಾವು ಒಳಗೆ ಹೋಗುವ ಮಹಾದ್ವಾರದ ಗೋಪುರ ಹೊಯ್ಸಳರದ್ದಲ್ಲ. ಮೊದಲಿನದು ಬೆಂಕಿಗೆ ಹಾಳಾದ ಮೇಲೆ ವಿಜಯನಗರದ ಹರಿಹರನ ಕಾಲದಲ್ಲಿ, 1397ರಲ್ಲಿ, ಗುಂಡ ದಂಡನಾಯಕ ಮತ್ತೆ ಕಟ್ಟಿಸಿದ. ಹಾಗಂತ ಅದು ಬೇರೆ ದೇವಸ್ಥಾನ ಅಂತ ಯಾರೂ ಹೇಳುವುದಿಲ್ಲ. ಇದೆಲ್ಲ ನಮಗೆ ಗೊತ್ತಾದದ್ದು ಶಾಸನಗಳಿಂದ. ಯಾರು ಕಟ್ಟಿಸಿದರು, ಯಾರು ರಿಪೇರಿ ಮಾಡಿಸಿದರು ಎಂಬುದನ್ನು ಕಲ್ಲಿನ ಮೇಲೆ ಬರೆಸಿಟ್ಟರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣನಂಥ ಶಿಲ್ಪಿಗಳು ತಾವು ಕೆತ್ತಿದ ಶಿಲ್ಪಕ್ಕೆ ಹೆಸರನ್ನೂ ಹಾಕಿದ್ದಾರೆ.

ಕಾರಿಗೂ ಇಂಥ ಶಾಸನ ಇರುತ್ತದೆ. ಚಾಸಿಸ್ ಮೇಲೆ ಒತ್ತಿದ ನಂಬರ್, ಎಂಜಿನ್ ನಂಬರ್, ಕಾರ್ಖಾನೆಯ ದಾಖಲೆ, ರಿಜಿಸ್ಟ್ರೇಷನ್ ಪುಸ್ತಕ, ಹಳೇ ಬಿಲ್ಲು, ಹಳೇ ಫೋಟೋ. ಪರೀಕ್ಷೆ ಮಾಡುವವರು ಮೊದಲು ಚಾಸಿಸ್ ಮತ್ತು ಎಂಜಿನ್ ನಂಬರ್ ಎರಡೂ ಕಾರ್ಖಾನೆ ಲೆಕ್ಕಕ್ಕೆ ತಾಳೆಯಾಗುತ್ತವೆಯೇ ನೋಡುತ್ತಾರೆ. ಅಕ್ಷರದ ಅಚ್ಚು ಆ ಕಾಲದ್ದೇ, ಸುತ್ತ ಉಜ್ಜಿದ ಗುರುತು ಇದೆಯೇ ಎಂದೂ ನೋಡುತ್ತಾರೆ. ನಂಬರನ್ನು ಅರದಿಂದ ಉಜ್ಜಿ ಅಳಿಸಿದರೂ, ಒತ್ತಿದಾಗ ಕೆಳಗಿನ ಲೋಹವೂ ಅದುಮಿರುತ್ತದೆ. ಹೆಚ್ಚು ಆಳಕ್ಕೆ ಉಜ್ಜಿರದಿದ್ದರೆ ಆಸಿಡ್ ಹಚ್ಚಿದಾಗ ಆ ನಂಬರ್ ಎಷ್ಟೋ ಸಲ ಮತ್ತೆ ಕಾಣುತ್ತದೆ. ಪೊಲೀಸ್ ಲ್ಯಾಬುಗಳು ಕದ್ದ ಬೈಕಿನ ನಂಬರ್ ಪತ್ತೆ ಮಾಡಲು ಬಳಸುವುದೂ ಇದೇ ವಿಧಾನ.

ಇದು ನಮಗೇಕೆ ಬೇಕು?

ನಮ್ಮ ಹಳ್ಳಿಗಳ ಕೊಟ್ಟಿಗೆಯಲ್ಲಿ ಬೆಂಟ್ಲಿ ಇಲ್ಲ. ಆದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ತನಕ ಮಾಡಿದ ಜಾವಾ, ಯಜ್ಡಿ ಬೈಕುಗಳು ಇವೆ. ತೋಟದ ಮನೆಗಳಲ್ಲಿ ಹಳೇ ಜೀಪು, ಫಿಯೆಟ್, ಅಂಬಾಸಿಡರ್ ಇವೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೇ ನಿಯಮ ತಂದಿತು. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ಬೈಕು ಮತ್ತು ಕಾರು ಇದಕ್ಕೆ ಸೇರುತ್ತವೆ. ಚಾಸಿಸ್, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೊಸದಾಗಿ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಅಕ್ಷರ. ದಿನಾ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಯಂಥ ಕೆಲಸಕ್ಕೆ ಮಾತ್ರ.

ಗಮನಿಸಿ, ಬೆಂಟ್ಲಿ ಕೇಸಿಗಿಂತ ನಮ್ಮ ಈ ನಿಯಮ ಬಿಗಿ. ಇಲ್ಲಿ ಗುರುತು ಸರಿಯಿದ್ದರೆ ಸಾಲದು, ಮೂಲ ರೂಪವೂ ಉಳಿದಿರಬೇಕು.

ಹೀಗಾಗಿ ಮನೆ ಮುಂದೆ ಬಂದವರಿಗೆ ಹಳೇ ಬೈಕನ್ನು ಗುಜರಿ ರೇಟಿಗೆ ಕೊಡುವ ಮೊದಲು ಪೆಟ್ಟಿಗೆ, ಅಟ್ಟ ಹುಡುಕಿ. 'ಎಂವೈ' ಅಕ್ಷರದಿಂದ ಶುರುವಾಗುವ ಮೈಸೂರು ರಾಜ್ಯದ ಕಾಲದ ಆರ್‌ಸಿ ಪುಸ್ತಕ ಸಿಕ್ಕರೆ ಗೆದ್ದಲು ಹಿಡಿಯದಂತೆ ಇಡಿ. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದುಕೊಂಡು ಪುಸ್ತಕದ ಜೊತೆ ತಾಳೆ ನೋಡಿ. ಎಂಜಿನ್ ಬದಲಾಗಿದ್ದರೆ ಯಾವಾಗ, ಯಾವ ಗ್ಯಾರೇಜಿನಲ್ಲಿ ಅಂತ ಗೊತ್ತಿರುವ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ಕೀಲಿ, ಬಿಲ್ಲು, ಮದುವೆ ಮನೆಯ ಮುಂದೆ ಆ ಗಾಡಿ ನಿಂತ ಫೋಟೋ ಎಲ್ಲವನ್ನೂ ಒಂದೇ ಕವರಿನಲ್ಲಿ ಹಾಕಿಡಿ. ಬಿಡಿಭಾಗ ಹೋದರೆ ಪೇಟೆಯಲ್ಲಿ ಇನ್ನೊಂದು ಸಿಗಬಹುದು, ಆ ಕವರ್ ಕಳೆದರೆ ಇನ್ನೊಂದು ಸಿಗುವುದಿಲ್ಲ.