ಜಲವಿಹಾರದ ಹಕ್ಕು: ಒಂದು ರೋಮನ್ ಸೂತ್ರದ ಚರಿತ್ರೆ

ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದೆಂಬುದು ಕಾವ್ಯಾಭ್ಯಾಸಿಗಳಿಗೆ ಸುವಿದಿತವಾದ ವಿಷಯ. ಕನ್ನಡ ಚಂಪೂಕಾವ್ಯಗಳಲ್ಲಿ ಹೀಗೆ ನೀರಿಗಿಳಿಯುವವರು ಬಹುಮಟ್ಟಿಗೆ ಅರಸರು ಮತ್ತು ಅವರ ಪರಿವಾರದವರು. ಆ ಕೊಳವು ಯಾರದು, ಅದರಲ್ಲಿ ಈಜಲು ಊರವರಿಗೆ ಹಕ್ಕುಂಟೆ, ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ, ಏಳಬೇಕಾದುದೂ ಇಲ್ಲ. ಕಾನೂನಿನ ಚರಿತ್ರೆಯಲ್ಲಾದರೋ ಈ ಪ್ರಶ್ನೆಯು ಬಹು ಹಳೆಯದು. ಪಾಶ್ಚಾತ್ಯ ದೇಶಗಳಲ್ಲಿ ಇದರ ಚರ್ಚೆಯ ಬಹುಭಾಗವು ಕೆಲವೇ ಲ್ಯಾಟಿನ್ ವಾಕ್ಯಗಳ ಅರ್ಥನಿರ್ಣಯವನ್ನು ಅವಲಂಬಿಸಿರುವುದರಿಂದ, ಪಾಠವಿಮರ್ಶೆಯಲ್ಲಿ ಆಸಕ್ತಿಯುಳ್ಳವರಿಗೂ ಇದು ವಿಚಾರಾರ್ಹವಾಗಿದೆ.

ಆ ವಾಕ್ಯಗಳು ಕ್ರಿ. ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಹೊರಡಿಸಿದ ‘ಇನ್‌ಸ್ಟಿಟ್ಯೂಟ್ಸ್’ ಎಂಬ ಗ್ರಂಥದ ಎರಡನೆಯ ಭಾಗದ ಆರಂಭದಲ್ಲಿವೆ. ಗಾಳಿ, ಹರಿಯುವ ನೀರು, ಸಮುದ್ರ, ಅದರಿಂದಾಗಿ ಸಮುದ್ರದ ದಡ, ಇವು ಸ್ವಭಾವತಃ ಎಲ್ಲರಿಗೂ ಸಾಧಾರಣವಾದುವೆಂದು ಅಲ್ಲಿ ಹೇಳಿದೆ. ನದಿಗಳ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ವಿವೇಚನೆಯುಂಟು. ನದಿಯಂತೆ ನದಿಯ ದಂಡೆಯ ಉಪಯೋಗವೂ ಸಾರ್ವಜನಿಕವಾದುದು. ಯಾರು ಬೇಕಾದರೂ ಅಲ್ಲಿಗೆ ದೋಣಿಯನ್ನು ತಂದು, ದಂಡೆಯ ಮರಕ್ಕೆ ಹಗ್ಗವನ್ನು ಬಿಗಿದು, ಸರಕನ್ನು ಇಳಿಸಬಹುದು. ಆದರೆ ಆ ದಂಡೆಯೂ ಅಲ್ಲಿ ಬೆಳೆದ ಮರವೂ ಪಕ್ಕದ ಹೊಲದ ಒಡೆಯನ ಸ್ವತ್ತು. ಒಡೆತನ ಬೇರೆ, ಉಪಯೋಗ ಬೇರೆ ಎಂಬ ಈ ವಿಭಾಗವೇ ಮುಂದಿನ ಎಲ್ಲ ವಾದಗಳ ಬೀಜ.

ಹದಿಮೂರನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಾನೂನುಗಳನ್ನು ಲ್ಯಾಟಿನ್ನಿನಲ್ಲಿ ಸಂಗ್ರಹಿಸಿದ ಬ್ರಾಕ್ಟನ್ನನು ಈ ಭಾಗವನ್ನು ಹೆಚ್ಚು ಕಡಮೆ ಹಾಗೆಯೇ ತನ್ನ ಗ್ರಂಥದಲ್ಲಿ ಸೇರಿಸಿದನು. ಅವನು ಬೊಲೋನಾದ ಪಂಡಿತ ಆಜೋನಿಗೂ ಎಷ್ಟು ಋಣಿಯೆಂಬುದನ್ನು ಮೇಟ್‌ಲಂಡನು 1895ರಲ್ಲಿ ಎರಡು ಪಾಠಗಳನ್ನೂ ಹೋಲಿಸಿ ತೋರಿಸಿರುವನು. ಒಂದು ದೇಶದ ಗ್ರಂಥದಲ್ಲಿ ಸೇರಿದ ಮಾತ್ರಕ್ಕೆ ಪರದೇಶದ ಸೂತ್ರವು ಆ ದೇಶದ ಕಾನೂನಾಗುವುದೆ? 1821ರ ಬ್ಲಂಡೆಲ್–ಕ್ಯಾಟರಾಲ್ ವ್ಯಾಜ್ಯದಲ್ಲಿ ಈ ಪ್ರಶ್ನೆ ಎದುರಾಯಿತು. ಲ್ಯಾಂಕಷೈರಿನ ಗ್ರೇಟ್ ಕ್ರಾಸ್ಬಿಯಲ್ಲಿ, ಮರ್ಸಿ ನದಿಯು ಸಮುದ್ರವನ್ನು ಸೇರುವೆಡೆ, 1815ರಲ್ಲಿ ಒಂದು ಹೋಟೆಲು ಕಟ್ಟಲ್ಪಟ್ಟಿತು. ಸ್ನಾನಾರ್ಥಿಗಳು ಒಳಗೆ ಕುಳಿತು ಉಡುಪು ಕಳಚಿ ನೀರಿಗಿಳಿಯಲು ಅನುಕೂಲವಾದ, ಚಕ್ರಗಳುಳ್ಳ ಚಿಕ್ಕ ಕೋಣೆಗಳನ್ನು ಆ ಹೋಟೆಲಿನ ಸೇವಕನು ಮರಳಿನ ಮೇಲೆ ನಡೆಸುತ್ತಿದ್ದನು. ಅಲ್ಲಿನ ಭೂಸ್ವಾಮಿಯು ಅದು ತನ್ನ ನೆಲದ ಮೇಲೆ ಅತಿಕ್ರಮಣವೆಂದು ದಾವೆ ಹೂಡಿದನು.

ಬ್ರಾಕ್ಟನ್ನನ ವಚನವು ರೋಮನ್ ಮೂಲದ ನಕಲೇ ಹೊರತು ಇಂಗ್ಲೆಂಡಿನ ರೂಢಿಯ ನಿರೂಪಣೆಯಲ್ಲವೆಂದು ನ್ಯಾಯಾಧೀಶರಲ್ಲಿ ಹೆಚ್ಚಿನವರು ನಿರ್ಣಯಿಸಿದರು. ದಡವನ್ನು ದಾಟಿ ಸಮುದ್ರಸ್ನಾನಕ್ಕೆ ಹೋಗುವ ಹಕ್ಕು ಪ್ರಜೆಗಳಿಗೆ ಸಾಮಾನ್ಯವಾಗಿ ಇಲ್ಲವೆಂದಾಯಿತು. ಬೆಸ್ಟ್ ಎಂಬ ನ್ಯಾಯಾಧೀಶನೊಬ್ಬನೇ ಭಿನ್ನಮತವನ್ನು ಬರೆದನು: ಸಮುದ್ರವು ಎಲ್ಲರ ಹೆದ್ದಾರಿಯಾಗಿರುವಾಗ ಅದನ್ನು ಮುಟ್ಟಲು ದಡದ ಮೇಲಿನ ದಾರಿಯೂ ಎಲ್ಲರದಾಗಬೇಡವೆ ಎಂಬುದು ಅವನ ವಾದದ ಸಾರ. ಮೂಲಶೋಧನೆಯ ದೃಷ್ಟಿಯಿಂದ ಬಹುಮತದವರು ಹೇಳಿದುದು ಸರಿಯೆಂದೇ ಒಪ್ಪಬೇಕು. ಆದರೆ ಎರವಲು ಬಂದ ವಾಕ್ಯವೂ ಬಳಕೆಯಿಂದ ಸ್ವದೇಶಿಯಾಗಬಹುದೆಂಬ ಸಾಧ್ಯತೆಯನ್ನು ಅವರು ಸಾಕಷ್ಟು ಪರಿಶೀಲಿಸಿದಂತೆ ತೋರುವುದಿಲ್ಲ. 2015ರಲ್ಲಿ ನ್ಯೂಹೇವನ್ ಬಂದರಿನ ವ್ಯಾಜ್ಯದಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ಈ ತೀರ್ಪನ್ನು ಮತ್ತೆ ವಿಮರ್ಶಿಸಿತಾದರೂ ಮೂಲ ಪ್ರಶ್ನೆಯನ್ನು ಇತ್ಯರ್ಥಮಾಡದೆ ಬಿಟ್ಟಿತು.

ವಿಚಿತ್ರವೇನೆಂದರೆ, ಅದೇ 1821ರಲ್ಲಿಯೇ ಅಟ್ಲಾಂಟಿಕಿನ ಆಚೆ ನ್ಯೂಜೆರ್ಸಿಯ ನ್ಯಾಯಾಲಯವು ಆರ್ನಲ್ಡ್–ಮಂಡಿ ವ್ಯಾಜ್ಯದಲ್ಲಿ ತದ್ವಿರುದ್ಧವಾದ ನಿರ್ಣಯಕ್ಕೆ ಬಂದಿತು. ರ್‍ಯಾರಿಟನ್ ನದಿಯಲ್ಲಿ ತಾನು ಬಿತ್ತಿದ ಸಿಂಪಿಗಳು ತನ್ನವೆಂದು ವಾದಿಯು ಹೇಳಲು, ಉಬ್ಬರವಿಳಿತಗಳುಳ್ಳ ಆ ನೀರೂ ಅದರ ತಳವೂ ಎಲ್ಲ ಪ್ರಜೆಗಳಿಗೂ ಸಾಧಾರಣವೆಂದು ನ್ಯಾಯಾಲಯವು ತೀರ್ಮಾನಿಸಿತು. ಈ ಪರಂಪರೆ ಮುಂದುವರಿದು 1892ರಲ್ಲಿ ಇಲಿನಾಯ್ಸ್ ಸೆಂಟ್ರಲ್ ರೈಲ್ವೆ ವ್ಯಾಜ್ಯದಲ್ಲಿ ಪ್ರಸಿದ್ಧವಾಯಿತು. ಷಿಕಾಗೋ ನಗರದ ಎದುರಿಗೆ ಮಿಷಿಗನ್ ಸರೋವರದ ತಳದಲ್ಲಿ ಸಾವಿರ ಎಕರೆಗೂ ಮೇಲ್ಪಟ್ಟ ಪ್ರದೇಶವನ್ನು ಶಾಸನಸಭೆಯು 1869ರಲ್ಲಿ ರೈಲ್ವೆ ಸಂಸ್ಥೆಗೆ ಕೊಟ್ಟು, 1873ರಲ್ಲಿ ಹಿಂದಕ್ಕೆ ಪಡೆದಿತ್ತು. ಅಂತಹ ನೀರನ್ನು ಸರ್ಕಾರವು ಜನರ ಪರವಾಗಿ ನ್ಯಾಸವಾಗಿ ಧರಿಸಿರುವುದೆಂದೂ ಖಾಸಗಿಯವರಿಗೆ ಶಾಶ್ವತವಾಗಿ ಬಿಟ್ಟುಕೊಡಲಾಗದೆಂದೂ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ಆದರೆ ಆ ತೀರ್ಪು ಎಣಿಸಿದ ಪ್ರಯೋಜನಗಳು ಸಂಚಾರ, ವ್ಯಾಪಾರ, ಮೀನುಗಾರಿಕೆ, ಇವು ಮೂರೇ. ಸ್ನಾನ, ಈಜು, ದೋಣಿವಿಹಾರಗಳು ಈ ಪಟ್ಟಿಯಲ್ಲಿ ಸೇರಿದುದು 1971ರಲ್ಲಿ, ಕ್ಯಾಲಿಫೋರ್ನಿಯದ ಮಾರ್ಕ್ಸ್–ವಿಟ್ನಿ ತೀರ್ಪಿನಿಂದ. 1984ರಲ್ಲಿ ಮಾಂಟಾನ ಸಂಸ್ಥಾನದ ನ್ಯಾಯಾಲಯವು ಡಿಯರ್‌ಬಾರ್ನ್ ನದಿಯ ವಿಷಯದಲ್ಲಿ ಇನ್ನೂ ಮುಂದೆ ಹೋಗಿ, ವಿಹಾರಕ್ಕೆ ಯೋಗ್ಯವಾದ ನೀರನ್ನು, ತಳವು ಯಾರದೇ ಆಗಿರಲಿ, ಜನರು ಉಪಯೋಗಿಸಬಹುದೆಂದಿತು. ಆದರೆ ನೀರನ್ನು ತಲಪಲು ಪರರ ಹೊಲವನ್ನು ತುಳಿಯುವ ಹಕ್ಕನ್ನು ಕೊಡಲಿಲ್ಲ. ಜಸ್ಟಿನಿಯನ್ನನ ವಿಭಾಗವೇ ಇಲ್ಲಿ ಬೇರೊಂದು ವೇಷದಲ್ಲಿ ಕಾಣುವುದು.

ಭಾರತಕ್ಕೆ ಆ ಸೂತ್ರವು ಬಂದುದು 1996ರ ಡಿಸೆಂಬರಿನಲ್ಲಿ, ಎಂ. ಸಿ. ಮೆಹ್ತಾ–ಕಮಲನಾಥ ವ್ಯಾಜ್ಯದ ತೀರ್ಪಿನಲ್ಲಿ. ಹಿಮಾಚಲ ಪ್ರದೇಶದಲ್ಲಿ ಬಿಯಾಸ್ ನದಿಯ ದಂಡೆಯ ಅರಣ್ಯಭೂಮಿಯನ್ನು ಒಂದು ವಿಹಾರಗೃಹಕ್ಕೆ ಗುತ್ತಿಗೆ ಕೊಡಲಾಗಿತ್ತು. ಪ್ರವಾಹದ ಭೀತಿಯಿಂದ ಆ ಸಂಸ್ಥೆಯವರು ನದಿಯ ಪಾತ್ರವನ್ನೇ ತಿರುಗಿಸಲು ಹೊರಟಿದ್ದರು. ನ್ಯಾಯಮೂರ್ತಿ ಕುಲದೀಪಸಿಂಗರು ರೋಮನ್ ಮೂಲದಿಂದ ಹಿಡಿದು ಇಲಿನಾಯ್ಸಿನವರೆಗಿನ ಪರಂಪರೆಯನ್ನು ಉದಾಹರಿಸಿ ಗುತ್ತಿಗೆಯನ್ನು ರದ್ದುಮಾಡಿದರು. ವಿಹಾರದ ಹಕ್ಕನ್ನು ಬೆಂಬಲಿಸಿದ ಸೂತ್ರವು ಇಲ್ಲಿ ಹಣವುಳ್ಳವರ ವಿಹಾರಕ್ಕೇ ತಡೆಯಾಯಿತೆಂಬುದು ಗಮನಾರ್ಹವಾದುದು.

ಆದರೆ ಈ ದೇಶದಲ್ಲಿ ಪ್ರಶ್ನೆಯು ಅದಕ್ಕೂ ಬಹಳ ಹಿಂದೆಯೇ ಬೇರೊಂದು ರೂಪದಲ್ಲಿ ಎದ್ದಿತ್ತು. ತಳದ ಒಡೆಯನಾರು ಎಂಬುದಕ್ಕಿಂತ, ‘ಸಾರ್ವಜನಿಕರು’ ಎಂಬ ಪದದಲ್ಲಿ ಯಾರು ಯಾರು ಸೇರುವರು ಎಂಬುದು ಇಲ್ಲಿನ ವಿವಾದ. ಸಾರ್ವಜನಿಕ ಜಲಾಶ್ರಯಗಳನ್ನು ಅಸ್ಪೃಶ್ಯರೆನಿಸಿದವರಿಗೂ ತೆರೆಯಬೇಕೆಂದು ಮುಂಬಯಿಯ ಶಾಸನಸಭೆಯು 1923ರಲ್ಲಿ ನಿರ್ಣಯಮಾಡಿತ್ತು. ಮಹಾಡದ ಪುರಸಭೆಯೂ ಅದನ್ನು ಅನುಮೋದಿಸಿತ್ತು. ಆದರೂ ಅಲ್ಲಿನ ಚವದಾರ್ ಕೆರೆಯ ನೀರನ್ನು ಡಾ. ಭೀಮರಾವ್ ಅಂಬೇಡ್ಕರರೂ ಅವರ ಅನುಯಾಯಿಗಳೂ 1927ರ ಮಾರ್ಚಿ 20ರಂದು ಕುಡಿದಾಗ ಹೊಡೆದಾಟವಾಯಿತು, ದಾವೆಯೂ ಹೂಡಲ್ಪಟ್ಟಿತು. ಅವರನ್ನು ದೂರವಿಡುವ ರೂಢಿಯು ಅನಾದಿಯಾದುದೆಂದು ವಾದಿಗಳು ಹೇಳಿದರು. ಹಾಗೆ ಸಿದ್ಧವಾಗಲಿಲ್ಲವೆಂದು ಮುಂಬಯಿ ಹೈಕೋರ್ಟು 1937ರಲ್ಲಿ ತೀರ್ಪಿತ್ತಿತು. ಕ್ರಾಸ್ಬಿಯಲ್ಲಿ ರೂಢಿಯ ಅಭಾವವು ಜನರನ್ನು ನೀರಿನಿಂದ ದೂರವಿಟ್ಟರೆ, ಮಹಾಡದಲ್ಲಿ ರೂಢಿಯ ಅಭಾವವೇ ಅವರನ್ನು ನೀರಿಗೆ ಬಿಟ್ಟಿತು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದದ ಎರಡನೆಯ ಖಂಡದಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನಸಮಾಗಮದ ಸ್ಥಳ ಇವುಗಳ ಹೆಸರುಗಳು ಒಟ್ಟಿಗೆ ಬರುತ್ತವೆ. ಮತ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಕಾರಣದಿಂದಲೇ ಯಾವ ನಾಗರಿಕನನ್ನೂ ಅಲ್ಲಿಂದ ತಡೆಯಲಾಗದು. ಕುಡಿಯುವುದಕ್ಕೋ, ಮೀಯುವುದಕ್ಕೋ, ಸುಮ್ಮನೆ ದಡದಲ್ಲಿ ಕುಳಿತುಕೊಳ್ಳುವುದಕ್ಕೋ ಎಂದು ಆ ಖಂಡವು ವಿಚಾರಿಸುವುದಿಲ್ಲ. ಅದು ವಿಚಾರಿಸುವುದು ಇಷ್ಟನ್ನೇ: ಆ ಸ್ಥಳದ ವೆಚ್ಚವು ಪೂರ್ಣವಾಗಿಯಾಗಲಿ ಅಂಶತಃ ಆಗಲಿ ಸರ್ಕಾರದ ಹಣದಿಂದ ನಡೆಯುತ್ತದೆಯೆ, ಅಥವಾ ಅದು ಜನಸಾಮಾನ್ಯರ ಉಪಯೋಗಕ್ಕೆ ಅರ್ಪಿತವಾಗಿದೆಯೆ.